ಲೇಔಟ್ ಗೇಟಿನಲ್ಲಿ ಸೈಕಲ್ ತಡೆದರೆ ಕಾನೂನು ಯಾರ ಕಡೆ?

ಗೇರಿಲ್ಲದ ಗುರು

ಸರ್ಜಾಪುರ ರಸ್ತೆ ಕಡೆ ಒಂದು ಸೈಟ್ ಲೇಔಟ್ ಇದೆ. ಹೆಸರು ಬೇಡ. ಮುಂದೊಂದು ಗೇಟ್, ಹಿಂದೊಂದು ಗೇಟ್, ನಡುವೆ ಗುಂಡಿ ಇಲ್ಲದ ರಸ್ತೆ. ಆಫೀಸಿಗೆ ಸೈಕಲ್ ತುಳಿಯುವವರು ಇದನ್ನು ಹಾದು ಹೋದರೆ ಮುಖ್ಯ ರಸ್ತೆಯ ಟ್ಯಾಂಕರ್ ಕಾಟ ತಪ್ಪುತ್ತದೆ. ಈಗ ಹಿಂದಿನ ಗೇಟಿಗೆ ಬೋರ್ಡ್ ಬಂದಿದೆ: 'ಖಾಸಗಿ ರಸ್ತೆ, ಹೊರಗಿನ ಸೈಕಲ್‌ಗಳಿಗೆ ಪ್ರವೇಶವಿಲ್ಲ'. ಊಟ ತರುವ ಬೈಕುಗಳು, ಕ್ಯಾಬುಗಳು ಮಾತ್ರ ಆರಾಮಾಗಿ ಒಳಗೆ ಹೋಗುತ್ತವೆ.

ಈ ಬೋರ್ಡಿಗೆ ಕಾನೂನಿನ ಬಲ ಇದೆಯಾ? ಮಾಲ್ ಮುಂದಿನ ಅಂಗಳ, ಟೆಕ್ ಪಾರ್ಕ್ ಒಳಗಿನ ರಸ್ತೆ, ಇವಕ್ಕೂ ಇದೇ ಪ್ರಶ್ನೆ. ಸುಮ್ನೆ ಜಗಳ ಬೇಡ, ನಿಜವಾದ ಹಕ್ಕು ಎಷ್ಟು ಅಂತ ತಿಳಿಯಬೇಕು.

ವಾರಾಂತ್ಯ ಸವಾರ

ಇದರಲ್ಲಿ ಕೇಳೋದೇನಿದೆ ಗುರು? 20 ವರ್ಷ ಜನ ಓಡಾಡಿದ ದಾರಿ ಅಂದರೆ ಅದು ಸಾರ್ವಜನಿಕರದ್ದೇ. ಊರಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ.

ಕೋರ್ಟ್ ಹಾದಿ

ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಅರ್ಧ ಮಾತ್ರ ಸರಿ. ನಾನು ಸಿವಿಲ್ ಕೇಸುಗಳ ವಕೀಲ, ಜೊತೆಗೆ ಸೈಕಲ್ ಹುಚ್ಚು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರಾಗಬೇಡಿ.

20 ವರ್ಷದ ಮಾತು ಬಂದಿರೋದು 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಸೆಕ್ಷನ್‌ನಿಂದ. ಈಸ್‌ಮೆಂಟ್ ಅಂದರೆ ಬೇರೆಯವರ ಜಮೀನನ್ನು ದಾರಿ ಮುಂತಾದ್ದಕ್ಕೆ ಬಳಸುವ ಹಕ್ಕು. ಯಾರ ಅಡ್ಡಿಯೂ ಇಲ್ಲದೆ, ಬಹಿರಂಗವಾಗಿ, ಹಕ್ಕು ಅಂತಲೇ 20 ವರ್ಷ ಬಳಸಿರಬೇಕು. ಸರ್ಕಾರಿ ಜಮೀನಾದರೆ 30 ವರ್ಷ. ಇಲ್ಲಿ ಎರಡು ತೊಡಕಿವೆ. ಒಂದು, ಈ ಹಕ್ಕು ಸಿಗೋದು ಒಂದು ಜಮೀನಿನ ಮಾಲೀಕನಿಗೋ ಅದರಲ್ಲಿ ಇರುವವನಿಗೋ, ಆ ಜಮೀನಿನ ಅನುಕೂಲಕ್ಕಾಗಿ. ನಿಮ್ಮ ಹೊಲಕ್ಕೆ ಪಕ್ಕದವರ ಹೊಲದ ಮೇಲೆ ದಾರಿ ಇದ್ದ ಹಾಗೆ. ಬೆಂಗಳೂರಿನ ಸೈಕಲ್ ಸವಾರರೆಲ್ಲ ಸೇರಿ 'ನಮಗೆ ಈಸ್‌ಮೆಂಟ್ ಬಂದಿದೆ' ಅನ್ನಲು ಆಗುವುದಿಲ್ಲ. ಎರಡು, ಅನುಮತಿ ಕೊಟ್ಟಿದ್ದಾರೆ ಅಂತಾದರೆ ಅದು ಹಕ್ಕಿನ ಬಳಕೆ ಆಗುವುದೇ ಇಲ್ಲ. ಗೇಟಿನವನು ಇಷ್ಟು ದಿನ ಸಲಾಂ ಹೊಡೆದು ಬಿಡುತ್ತಿದ್ದ ಅನ್ನೋದು ನಿಮ್ಮ ವಾದಕ್ಕೇ ತಿರುಗುಬಾಣ.

ಹಾಗಾಗಿ 'ಸೈಕಲ್ ಸವಾರನ ಹಕ್ಕು ಏನು' ಅಂತ ಶುರು ಮಾಡಿದರೆ ಉತ್ತರ ಸಿಗುವುದಿಲ್ಲ. ಚಕ್ರದ ಕೆಳಗಿನ ನೆಲ ಕಾಗದದಲ್ಲಿ ಏನು ಅಂತ ನೋಡಬೇಕು. ಸಾರ್ವಜನಿಕ ರಸ್ತೆ ಅಂತಾದರೆ ಸೈಕಲ್‌ಗೆ ಬೇರೆ ಯಾರ ಅಪ್ಪಣೆಯೂ ಬೇಡ. ಲೈಸೆನ್ಸ್ ಇಲ್ಲ, ನೋಂದಣಿ ಇಲ್ಲ, ವಿಮೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ತುಳಿಯುವ ಸೈಕಲ್ ಮೋಟಾರು ವಾಹನವೇ ಅಲ್ಲ.

ಗುರು ಅವರೇ, ಮೊದಲು ಒಂದು ವಿಷಯ ಹೇಳಿ. ಅದು ಸೈಟ್ ಲೇಔಟೋ, ಅಪಾರ್ಟ್‌ಮೆಂಟೋ? ಅಪ್ರೂವಲ್ ಯಾರದ್ದು?

ಗೇರಿಲ್ಲದ ಗುರು

ಸೈಟ್ ಲೇಔಟ್. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅಪ್ರೂವ್ಡ್ ಅಂತ ಹಳೇ ಕರಪತ್ರದಲ್ಲೇ ಇತ್ತು. ಒಳಗೆ ಬಿಡಿ ಮನೆಗಳು, ಕೆಲವು ಸೈಟು ಇನ್ನೂ ಖಾಲಿ.

ಕೋರ್ಟ್ ಹಾದಿ

ಹಾಗಾದರೆ ನಿಮ್ಮ ಕಡೆ ಬಲ ಜಾಸ್ತಿ.

ಖಾಸಗಿಯವರು ಲೇಔಟ್ ಮಾಡುವಾಗ ಬಿಡಿಎ ಕಾಯ್ದೆಯ 32ನೇ ಸೆಕ್ಷನ್ ಕೆಳಗೆ ನಕ್ಷೆಗೆ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಸುಮ್ನೆ ಸಿಗುವುದಿಲ್ಲ. ನಕ್ಷೆಯಲ್ಲಿ ತೋರಿಸಿದ ರಸ್ತೆ, ಪಾರ್ಕ್, ಸಿಎ ಸೈಟುಗಳನ್ನು (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಇಟ್ಟ ಜಾಗ) ಹಣ ಪಡೆಯದೆ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಅದಕ್ಕೆ ನೋಂದಾಯಿತ ರಿಲಿಂಕ್ವಿಶ್‌ಮೆಂಟ್ ಡೀಡ್ ಆಗುತ್ತದೆ. ಅದಾದ ಮೇಲೆ ಆ ರಸ್ತೆ ಬಿಲ್ಡರನದ್ದೂ ಅಲ್ಲ, ಅಸೋಸಿಯೇಷನ್‌ನದ್ದೂ ಅಲ್ಲ.

ಕರ್ನಾಟಕ ಹೈಕೋರ್ಟಿಗೆ ಇದೇ ವಿಷಯ ಬಂದಿತ್ತು, ಉಪಕಾರ್ ರೆಸಿಡೆನ್ಸಸ್ ಪ್ರಕರಣದಲ್ಲಿ. 'ನಮ್ಮದು ಗೇಟೆಡ್ ಕಮ್ಯುನಿಟಿ, ರಸ್ತೆ ನಮ್ಮ ನಿವಾಸಿಗಳಿಗೆ ಮಾತ್ರ' ಎಂಬುದು ಅಲ್ಲಿಯ ವಾದ. ಮೊದಲು ಏಕಸದಸ್ಯ ಪೀಠ, ಆಮೇಲೆ 2023ರಲ್ಲಿ ವಿಭಾಗೀಯ ಪೀಠ, ಎರಡೂ ಒಪ್ಪಲಿಲ್ಲ. ಬಿಟ್ಟುಕೊಟ್ಟ ರಸ್ತೆಯಲ್ಲಿ ಹೊರಗಿನವರನ್ನು ತಡೆಯುವಂತಿಲ್ಲ. ಕಾಂಪೌಂಡು ಕಟ್ಟಿ ಗೇಟು ಹಾಕಿದ ಮಾತ್ರಕ್ಕೆ ರಸ್ತೆ ಖಾಸಗಿ ಆಗುವುದಿಲ್ಲ.

ಇದಕ್ಕೂ ಹಿಂದೆ ಸುಪ್ರೀಂ ಕೋರ್ಟ್ ಚೇತ್ ರಾಮ್ ವಶಿಷ್ಠ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿದೆ. ಅದು ದೆಹಲಿಯ ಲೇಔಟ್ ಒಂದರ ಕೇಸು. ನಕ್ಷೆಯಲ್ಲಿ ರಸ್ತೆ, ಪಾರ್ಕ್, ಶಾಲೆ ಅಂತ ಗುರುತು ಮಾಡಿದ ಜಾಗ ಪಾಲಿಕೆಗೆ ವರ್ಗ ಆಗದೇ ಇದ್ದರೂ, ಮಾಲೀಕ ಅದನ್ನು ಜನರ ಪರವಾಗಿ ಟ್ರಸ್ಟಿಯ ಹಾಗೆ ಇಟ್ಟುಕೊಂಡಿರುತ್ತಾನೆ. ಮಾರಿಕೊಳ್ಳಲು, ಬೇರೆಯದಕ್ಕೆ ಬಳಸಲು ಆಗುವುದಿಲ್ಲ. ಅಂದರೆ ಡೀಡ್ ಆಗಿಲ್ಲ ಅಂತ ಅಸೋಸಿಯೇಷನ್ ಹೇಳಿದರೂ ಮಾತು ಅಲ್ಲಿಗೇ ಮುಗಿಯುವುದಿಲ್ಲ.

ಲೇಔಟ್ ನಿವಾಸಿ

ಇನ್ನೊಂದು ಕಡೆಯ ಮಾತೂ ಇರಲಿ. ನಾನು ಇಂಥದ್ದೇ ಲೇಔಟಿನ ಅಸೋಸಿಯೇಷನ್‌ನಲ್ಲಿ ಇದ್ದೇನೆ. ನಿಮ್ಮ ಲೇಔಟ್ ಅಲ್ಲ, ಬೇರೆ.

ರಸ್ತೆಗೆ ಡಾಂಬರು ಹಾಕಿಸಿದ್ದು ನಾವು. ಬೀದಿದೀಪದ ಬಿಲ್ಲು, ಚರಂಡಿ ಕ್ಲೀನಿಂಗ್, ಸೆಕ್ಯೂರಿಟಿ ಸಂಬಳ, ಎಲ್ಲಾ ನಮ್ಮ ಮೇಂಟೆನೆನ್ಸ್ ದುಡ್ಡು. ಪಾಲಿಕೆಯವರು ಇತ್ತ ತಲೆ ಹಾಕಿದ್ದೇ ಇಲ್ಲ. ಬೆಳಿಗ್ಗೆ ಆರಕ್ಕೆ ಗುಂಪು ಕಟ್ಟಿಕೊಂಡು ಬಿಗಿ ಬಟ್ಟೆ ಹಾಕಿದ ಸವಾರರು ಬಾಣದ ಹಾಗೆ ಹೋಗುತ್ತಾರೆ. ಅದೇ ಹೊತ್ತಿಗೆ ನಮ್ಮ ವಯಸ್ಸಾದವರು ವಾಕಿಂಗ್ ಮಾಡುತ್ತಿರುತ್ತಾರೆ. ಫುಟ್‌ಪಾತ್ ಮೇಲೆ ಕಾರು ನಿಂತಿರುತ್ತದೆ, ಅವರು ರಸ್ತೆಗೇ ಇಳಿಯಬೇಕು. ಯಾರಿಗಾದರೂ ತಾಗಿದರೆ ಯಾರು ಹೊಣೆ?

ಬೆಳ್ಳಂದೂರು ಬೆಲ್

ಫುಟ್‌ಪಾತ್ ಮೇಲೆ ಕಾರು ನಿಲ್ಲಿಸಿದವರು ಯಾರು ಸರ್? ಹೊರಗಿನ ಸೈಕಲ್‌ನವರಾ? 😄

ತಮಾಷೆ ಬಿಡಿ. ಸ್ಪೀಡ್ ವಿಷಯ ನಿಜ, ಅದನ್ನು ಒಪ್ಪುತ್ತೇನೆ. ಆದರೆ ಗೇಟಿನಲ್ಲಿ ತಡೆಯೋದು ಆ ಗುಂಪನ್ನು ಮಾತ್ರ ಅಲ್ಲ. ಮನೆಕೆಲಸಕ್ಕೆ ಬರುವ ಹೆಂಗಸರು, ಹಿಂದಿನ ಊರಿನ ಸರ್ಕಾರಿ ಶಾಲೆ ಮಕ್ಕಳು, ರಾತ್ರಿ ಪಾಳಿ ಮುಗಿಸಿದ ಗಾರ್ಮೆಂಟ್ಸ್ ಹುಡುಗರು, ಇವರ ಸೈಕಲ್‌ಗಳಿಗೂ ಅದೇ ಬೋರ್ಡ್. ಹೆಲ್ಮೆಟ್ ಹಾಕಿ ಇಂಗ್ಲಿಷ್ ಮಾತಾಡಿದರೆ ನನ್ನನ್ನು ಬಿಡುತ್ತಾರೆ. ಅವರನ್ನು ಬಿಡುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೋರ್ಟ್ ಹಾದಿ

ನಿವಾಸಿ ಸರ್, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ದುರಸ್ತಿಗೆ ದುಡ್ಡು ಕೊಟ್ಟರೆ ಒಡೆತನ ಬರುವುದಿಲ್ಲ. ಪಾಲಿಕೆ ಕೆಲಸ ಮಾಡಿಲ್ಲ ಅಂದರೆ ಅದನ್ನು ಪಾಲಿಕೆಯಿಂದ ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ, ದಾರಿ ಮುಚ್ಚುವ ಹಕ್ಕು ಇಲ್ಲ. ಸವಾರ ಯಾರಿಗಾದರೂ ಗುದ್ದಿದರೆ ಹೊಣೆ ಸವಾರನದೇ. ಸೈಕಲ್‌ಗೆ ವಿಮೆ ಇರುವುದಿಲ್ಲ, ಹಾಗಾಗಿ ಪರಿಹಾರವೂ ಅವನ ಜೇಬಿನಿಂದಲೇ. ಸವಾರರು ಇದನ್ನು ಮರೆಯಬಾರದು.

ಇನ್ನು ತಡೆಯುವ ವಿಷಯ. ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ ನೋಡಿ. ಹೋಗಲು ಹಕ್ಕಿರುವ ದಿಕ್ಕಿನಲ್ಲಿ ಹೋಗದ ಹಾಗೆ ಬೇಕೆಂದೇ ಅಡ್ಡಗಟ್ಟಿದರೆ ಅದು ಅಪರಾಧ. ಒಂದು ತಿಂಗಳವರೆಗೆ ಸಾದಾ ಸಜೆ ಅಥವಾ 5000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಅದರಲ್ಲೇ ಒಂದು ವಿನಾಯಿತಿ ಇದೆ. ಖಾಸಗಿ ದಾರಿಯನ್ನು ಮುಚ್ಚಲು ತನಗೆ ಹಕ್ಕಿದೆ ಅಂತ ಪ್ರಾಮಾಣಿಕವಾಗಿ ನಂಬಿ ತಡೆದರೆ ಅಪರಾಧವಲ್ಲ. ಅದಕ್ಕೇ ಗೇಟಿನಲ್ಲಿ ಕೂಗಾಡಿದರೆ ಏನೂ ಆಗುವುದಿಲ್ಲ. ಅಸೋಸಿಯೇಷನ್‌ಗೆ ಒಪ್ಪಿಗೆ ನಕ್ಷೆ, ರಿಲಿಂಕ್ವಿಶ್‌ಮೆಂಟ್ ಡೀಡ್ ಪ್ರತಿ ಇಟ್ಟು ಒಂದು ರಿಜಿಸ್ಟರ್ಡ್ ಪತ್ರ ಬರೆಯಿರಿ. ಕಾಗದ ಕೈಗೆ ಬಂದ ಮೇಲೂ ತಡೆದರೆ 'ನಾವು ಪ್ರಾಮಾಣಿಕವಾಗಿ ನಂಬಿದ್ದೆವು' ಅನ್ನೋದು ಕಷ್ಟ.

ಸೆಕ್ಯೂರಿಟಿಯವನ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ ದಯವಿಟ್ಟು. ಹೇಳಿದ್ದು ಮಾಡುವುದು ಅವನ ಕೆಲಸ.

ಹಳೇ ಅಟ್ಲಾಸ್

ನಮ್ಮ ಕಾಲದಲ್ಲಿ ಸೈಕಲ್‌ಗೆ ಮುನಿಸಿಪಾಲಿಟಿ ಬಿಲ್ಲೆ ಬೇಕಿತ್ತು. ರಾತ್ರಿ ದೀಪ ಇಲ್ಲದೆ ಹೋದರೆ, ಡಬಲ್ಸ್ ಹೊಡೆದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರು. ಈಗ ಸೆಕ್ಯೂರಿಟಿ ಹುಡುಗರು ಆ ಕೆಲಸ ಶುರು ಮಾಡಿದ್ದಾರೆ. ಮಾಲ್ ಒಂದರ ಮುಂದೆ ನನ್ನ ಮೊಮ್ಮಗನ ಸೈಕಲ್‌ಗೆ ಗಾಳಿ ಬಿಟ್ಟು, ಸರಪಳಿ ಹಾಕಿ ಇಟ್ಟುಕೊಂಡಿದ್ದರು. ಇದು ಸರಿನಾ?

ಕೋರ್ಟ್ ಹಾದಿ

ಸರಿಯಲ್ಲ ಯಜಮಾನರೇ. ಮಾಲ್ ಅಂಗಳ ಖಾಸಗಿ ಜಾಗ. ಅಲ್ಲಿಗೆ ಹೋಗುವುದಕ್ಕೆ ಇರುವುದು ಅನುಮತಿ ಅಷ್ಟೇ, ಹಕ್ಕಲ್ಲ. ಸೈಕಲ್ ತುಳಿಯಬೇಡಿ, ಹೊರಗೆ ಹೋಗಿ ಅಂತ ಅವರು ಹೇಳಬಹುದು. ಹೇಳಿದ ಮೇಲೆ ಹೊರಡಬೇಕು. ಹೊರಡದೆ ಕಿರಿಕಿರಿ ಮಾಡಲೆಂದೇ ನಿಂತರೆ ಕ್ರಿಮಿನಲ್ ಅತಿಕ್ರಮ ಪ್ರವೇಶದ ಮಾತು ಬರುತ್ತದೆ, ಸಂಹಿತೆಯ 329ನೇ ಸೆಕ್ಷನ್. ಬರೀ ದಾರಿ ಹಾದು ಹೋಗಲು ಒಳಗೆ ಬಂದವನಿಗೆ ಅದು ಅನ್ವಯಿಸುವುದು ಕಷ್ಟ. ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಮಾಡುವ ಉದ್ದೇಶ ಇರಬೇಕು.

ಆದರೆ ಗಾಳಿ ಬಿಡುವುದು, ಸೈಕಲ್ ಕಟ್ಟಿಹಾಕುವುದು, 'ದಂಡ' ಅಂತ ದುಡ್ಡು ಕೇಳುವುದು, ಇದ್ಯಾವುದಕ್ಕೂ ಖಾಸಗಿ ಕಾವಲುಗಾರನಿಗೆ ಅಧಿಕಾರ ಇಲ್ಲ. ಅವನು ಪೊಲೀಸ್ ಅಲ್ಲ. ಸಾಮಾನ್ಯ ವ್ಯಕ್ತಿ ಒಬ್ಬನನ್ನು ಹಿಡಿದಿಡಬಹುದಾದದ್ದು ಕಣ್ಣೆದುರೇ ಜಾಮೀನು ಸಿಗದ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ನಡೆದರೆ. ಘೋಷಿತ ಅಪರಾಧಿ ಆಗಿದ್ದರೂ ಹಿಡಿಯಬಹುದು. ಹಿಡಿದರೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅಂಗಳದಲ್ಲಿ ಸೈಕಲ್ ತುಳಿದದ್ದು ಆ ಪಟ್ಟಿಯಲ್ಲಿ ಖಂಡಿತ ಬರುವುದಿಲ್ಲ. ಇನ್ನೊಮ್ಮೆ ಹಾಗೆ ಮಾಡಿದರೆ 112ಕ್ಕೆ ಫೋನ್ ಮಾಡಿ.

ವಾರಾಂತ್ಯ ಸವಾರ

ಅಪಾರ್ಟ್‌ಮೆಂಟ್ ಒಳಗಿನ ರಸ್ತೆ? ನಮ್ಮ ಕಡೆ ಒಂದು ದೊಡ್ಡ ಕಾಂಪ್ಲೆಕ್ಸ್ ಇದೆ. ಸುತ್ತು ಹಾಕಿದರೆ ಪುಟ್ಟ ಊರೇ ಸುತ್ತಿದಂತೆ.

ಕೋರ್ಟ್ ಹಾದಿ

ಅಲ್ಲಿ ಆಸೆ ಬಿಡಿ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, 1972ರ ಪ್ರಕಾರ ಒಳಗಿನ ದಾರಿ ಫ್ಲಾಟ್ ಮಾಲೀಕರೆಲ್ಲರ ಜಂಟಿ ಆಸ್ತಿ. ಒಂದು ಅಪವಾದ ಇದೆ. ಮಾಸ್ಟರ್ ಪ್ಲಾನ್ ರಸ್ತೆ, ಜನ ಸಿಡಿಪಿ ರೋಡ್ ಅನ್ನುತ್ತಾರಲ್ಲ, ಅದು ಆ ಜಮೀನಿನ ಮೇಲೆ ಹಾದು ಹೋಗಿದ್ದರೆ ಅಷ್ಟು ಪಟ್ಟಿ ಬಿಟ್ಟುಕೊಟ್ಟಿರುತ್ತಾರೆ. ಅದು ಕಾಂಪೌಂಡಿನ ಒಳಗೆ ಸೇರಿಕೊಂಡಿದೆಯಾ ಅಂತ ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರ ನಕ್ಷೆಯಲ್ಲಿ ನೋಡಬಹುದು.

ಟೆಕ್ ಪಾರ್ಕೂ ಹೆಚ್ಚು ಕಡಿಮೆ ಹೀಗೇ. ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಆದರೆ ಇನ್ನೂ ಬಿಗಿ. ಗುರುತಿನ ಚೀಟಿ ಇಲ್ಲದೆ ಯಾರನ್ನೂ ಬಿಡದಂತೆ ಅದರ ನಿಯಮವೇ ಇದೆ.

ಸರ್ವೆ ನಂಬರ್

ಎಲ್ಲರೂ ಬಿಡಿಎ, ಡೀಡ್ ಅಂತಲೇ ಮಾತಾಡುತ್ತಿದ್ದೀರಿ. ಅದಕ್ಕಿಂತ ಹಳೆಯ ಹಕ್ಕು ಒಂದಿದೆ: ಬಂಡಿದಾರಿ.

ಸರ್ಜಾಪುರ, ವರ್ತೂರು, ಆನೇಕಲ್ ಕಡೆ ಲೇಔಟುಗಳೆಲ್ಲ ಎದ್ದಿರುವುದು ಹೊಲಗದ್ದೆಗಳ ಮೇಲೆ. ಆ ಹೊಲಗಳ ನಡುವೆ ಊರಿಂದೂರಿಗೆ ಬಂಡಿದಾರಿ, ಕಾಲುದಾರಿ ಇದ್ದವು. ಗ್ರಾಮ ನಕಾಶೆಯಲ್ಲಿ ಅವನ್ನು ಗೆರೆ ಹಾಕಿ ತೋರಿಸಿರುತ್ತಾರೆ. ಪಹಣಿಯಲ್ಲಿ ಆ ಜಾಗ ಬಿ-ಖರಾಬು ಅಂತ ಬರುತ್ತದೆ. ಎ-ಖರಾಬು ಅಂದರೆ ಕೃಷಿಗೆ ಬಾರದ ನೆಲ, ಅದು ಹಿಡುವಳಿದಾರನ ಜೊತೆಗೇ ಹೋಗಬಹುದು. ಬಿ-ಖರಾಬು ಹಾಗಲ್ಲ. ದಾರಿ, ಹಳ್ಳ, ಕೆರೆ, ಸ್ಮಶಾನ ಅಂತ ಜನರ ಬಳಕೆಗೆ ಇಟ್ಟದ್ದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ಬಿಲ್ಡರ್ ಅಕ್ಕಪಕ್ಕದ ಎರಡು ಸರ್ವೆ ನಂಬರ್ ಕೊಂಡಿರಬಹುದು. ನಡುವಿನ ಬಂಡಿದಾರಿಯನ್ನು ಮಾರಲು ಯಾವ ರೈತನಿಗೂ ಹಕ್ಕಿರಲಿಲ್ಲ.

ದಿಶಾಂಕ್ ಆ್ಯಪ್ ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆಮೇಲೆ ಗ್ರಾಮ ನಕಾಶೆ ತೆಗೆದು ಹೋಲಿಸಿ. ಎರಡು ಗೇಟಿನ ನೇರಕ್ಕೆ ಎರಡು ಚುಕ್ಕಿ ಗೆರೆ ಹೋಗಿದೆ ಅಂದರೆ ಅರ್ಧ ಕೆಲಸ ಆಯ್ತು. ಆದರೆ ಆ್ಯಪ್ ತೋರಿಸಿದ್ದೇ ಕೊನೆ ಮಾತಲ್ಲ, ಕೆಲವು ಮೀಟರ್ ಆಚೀಚೆ ಆಗುತ್ತದೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆಯರ್ ಬಂದು ಅಳೆದರೇ ಗಟ್ಟಿ.

ಹಿಂದೆ ಮುಂದೆ ಗೇಟ್ ಇರುವ ಲೇಔಟುಗಳಲ್ಲಿ ಇದನ್ನು ಮೊದಲು ನೋಡಬೇಕು ಅಂತ ನನ್ನ ಅನುಭವ. ಎರಡು ಗೇಟ್ ಯಾಕೆ ಬಂತು? ಹಿಂದಿನ ಊರಿನವರ ದಾರಿ ಅಲ್ಲೇ ಇತ್ತು, ಪೂರ್ತಿ ಮುಚ್ಚಿದರೆ ಗಲಾಟೆ ಆಗುತ್ತದೆ ಅಂತ ಬಿಟ್ಟಿರುತ್ತಾರೆ.

ಗೇರಿಲ್ಲದ ಗುರು

ಇದು ಗೊತ್ತೇ ಇರಲಿಲ್ಲ ಸರ್. ಹಿಂದಿನ ಊರಿನ ಹಿರಿಯರು 'ಇದು ನಮ್ಮ ಸಂತೆ ದಾರಿ' ಅನ್ನುತ್ತಾರೆ. ನಾನು ಸುಮ್ನೆ ಹೇಳುತ್ತಾರೆ ಅಂದುಕೊಂಡಿದ್ದೆ. ರೆವಿನ್ಯೂ ಲೇಔಟ್ ಆದರೆ ಏನು ಮಾಡುವುದು? ಅಲ್ಲಿ ಅಪ್ರೂವಲ್ಲೇ ಇರುವುದಿಲ್ಲವಲ್ಲ.

ಸರ್ವೆ ನಂಬರ್

ಅಲ್ಲಿ ಸ್ವಲ್ಪ ಗೋಜಲು. ಬಿಟ್ಟುಕೊಟ್ಟ ಡೀಡ್ ಇರುವುದಿಲ್ಲ. ಆದರೆ ಪ್ರತಿ ಸೈಟಿನ ಕ್ರಯಪತ್ರದ ಚಕ್ಕುಬಂದಿ ನೋಡಿ. 'ಉತ್ತರಕ್ಕೆ 30 ಅಡಿ ರಸ್ತೆ' ಅಂತ ಬರೆದೇ ಮಾರಿರುತ್ತಾರೆ. ರಸ್ತೆ ಅಂತ ತೋರಿಸಿ ಸೈಟ್ ಮಾರಿದವನು ಆಮೇಲೆ ಅದು ರಸ್ತೆ ಅಲ್ಲ ಅನ್ನಲು ಕಷ್ಟ. ಸೈಟುದಾರರಿಗೆ ಇದು ಒಳ್ಳೆ ಆಧಾರ. ಹೊರಗಿನ ಸವಾರನಿಗೆ ಅಷ್ಟು ಬಲ ಇಲ್ಲ. ಪಂಚಾಯ್ತಿ ಅಥವಾ ಪಾಲಿಕೆ ಆ ರಸ್ತೆಗೆ ಸರ್ಕಾರಿ ದುಡ್ಡು ಹಾಕಿದೆಯಾ ಅಂತ ಕೇಳಿ. ಹಾಕಿದ್ದರೆ ಅದೂ ಒಂದು ಸಾಕ್ಷಿ.

ಥೇಮ್ಸ್ ದಡ

ಲಂಡನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಇದು ದೊಡ್ಡ ಗಲಾಟೆಯ ವಿಷಯ. ಕಿಂಗ್ಸ್ ಕ್ರಾಸ್ ಹತ್ತಿರದ ಗ್ರಾನರಿ ಸ್ಕ್ವೇರ್ ನೋಡಿದರೆ ಊರ ಚೌಕ ಅನಿಸುತ್ತದೆ. ಕಾರಂಜಿ, ಮೆಟ್ಟಿಲು, ಎಲ್ಲಾ ಇದೆ. ಆದರೆ ಖಾಸಗಿ ನೆಲ. ಕೆನರಿ ವಾರ್ಫ್ ಇಡೀ ಹಾಗೇ.

ಇಲ್ಲಿಯ 1980ರ ಹೈವೇಸ್ ಆಕ್ಟ್, 31ನೇ ಸೆಕ್ಷನ್ ಮಾತ್ರ ನಿಮ್ಮ ಈಸ್‌ಮೆಂಟ್ ಕಾಯ್ದೆಗಿಂತ ಬೇರೆ. ಸಾರ್ವಜನಿಕರು ಹಕ್ಕಿನಿಂದ, ತಡೆಯಿಲ್ಲದೆ 20 ವರ್ಷ ಬಳಸಿದರೆ ಮಾಲೀಕ ಆ ದಾರಿಯನ್ನು ಜನರಿಗೆ ಬಿಟ್ಟುಕೊಟ್ಟ ಅಂತಲೇ ಲೆಕ್ಕ. ತಪ್ಪಿಸಿಕೊಳ್ಳಬೇಕಾದರೆ ಆ ಉದ್ದೇಶ ಇರಲಿಲ್ಲ ಅಂತ ಅವನೇ ತೋರಿಸಬೇಕು. ಅದಕ್ಕೇ ನೆಲದಲ್ಲಿ, ಗೋಡೆಯಲ್ಲಿ ಹಿತ್ತಾಳೆ ಫಲಕ ಹಾಕುತ್ತಾರೆ, ಇದು ಖಾಸಗಿ ಜಾಗ ಅಂತ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ಲಾಜಾದವರು ಇದೇ ಕಾರಣಕ್ಕೆ ತಮ್ಮ ಬೀದಿಯನ್ನು ವರ್ಷಕ್ಕೆ ಒಂದು ದಿನ ಮುಚ್ಚುತ್ತಾರೆ.

ಸೈಕಲ್ ವಿಷಯಕ್ಕೆ ಬಂದರೆ, ಇಂಥ ಚೌಕದಲ್ಲಿ ಬೇಡ ಅಂದರೂ ತುಳಿದರೆ ಅದು ಸಾಮಾನ್ಯವಾಗಿ ಸಿವಿಲ್ ತಪ್ಪು, ಅಪರಾಧ ಅಲ್ಲ. ಆದರೆ 2014ರ ಕಾಯ್ದೆಯೊಂದರ ಕೆಳಗೆ ಸ್ಥಳೀಯ ಕೌನ್ಸಿಲ್ ಆದೇಶ ಹೊರಡಿಸಿ ಸೈಕಲ್ ನಿಷೇಧಿಸಬಹುದು. ಜನ ಓಡಾಡುವ ಖಾಸಗಿ ಜಾಗಕ್ಕೂ ಅದು ನಡೆಯುತ್ತದೆ. ಆಗ ಸ್ಥಳದಲ್ಲೇ ದಂಡ. ನಿಮ್ಮಲ್ಲಿ ಅಂಥ ಆದೇಶ ಇಲ್ಲದೆ ಬರೀ ಅಸೋಸಿಯೇಷನ್ ಬೋರ್ಡಿಗೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಲ್ಲ ಅನಿಸಿತು.

ಬೆಳ್ಳಂದೂರು ಬೆಲ್

ನ್ಯೂಯಾರ್ಕ್ ಮಾತು ಬಂತು, ಒಂದು ವಿಷಯ ಸೇರಿಸುತ್ತೇನೆ. ಅಲ್ಲಿ 1961ರ ಝೋನಿಂಗ್ ನಿಯಮದಲ್ಲಿ ಕಟ್ಟಡದವರು ಕೆಳಗೆ ಅಂಗಳ ಬಿಟ್ಟರೆ ಮೇಲೆ ಹೆಚ್ಚು ಮಹಡಿ ಕಟ್ಟಲು ಬಿಟ್ಟರು. ಅಂದರೆ ಜನ ಆ ಅಂಗಳಕ್ಕೆ ಬೆಲೆ ಕೊಟ್ಟಾಗಿದೆ. ನಮ್ಮ ಲೇಔಟುಗಳೂ ಅದೇ ಅಲ್ವಾ? ರಸ್ತೆ ಬಿಟ್ಟುಕೊಡುತ್ತೇವೆ ಅಂತ ಹೇಳಿಯೇ ಸೈಟು ಮಾರುವ ಒಪ್ಪಿಗೆ ಪಡೆದರು. ಲಾಭ ಆದ ಮೇಲೆ ಗೇಟು ಹಾಕಿದರು. ನನಗೆ ಸಿಟ್ಟು ಬರುವುದು ಇಲ್ಲೇ.

ಲೇಔಟ್ ನಿವಾಸಿ

ಮೇಡಂ, ಲಾಭ ಆದದ್ದು ಬಿಲ್ಡರಿಗೆ. ನಾವು 'ಗೇಟೆಡ್' ಅಂತ ನಂಬಿ ಜಾಸ್ತಿ ದುಡ್ಡು ಕೊಟ್ಟು ಕೊಂಡವರು. ನಮಗೆ ರಿಲಿಂಕ್ವಿಶ್‌ಮೆಂಟ್ ಅಂತ ಯಾರೂ ಹೇಳಲಿಲ್ಲ. ಆಯ್ತು, ರಸ್ತೆ ಸಾರ್ವಜನಿಕ ಅಂತಲೇ ಇಟ್ಟುಕೊಳ್ಳೋಣ. ಗೇಟು ತೆಗೆಯಲೇಬೇಕಾ? ಬಂದವರ ಹೆಸರು ಬರೆದುಕೊಳ್ಳಬಹುದಾ? ಹಂಪ್ ಹಾಕಬಹುದಾ?

ಕೋರ್ಟ್ ಹಾದಿ

ಒಳ್ಳೆ ಪ್ರಶ್ನೆ. ಸಾರ್ವಜನಿಕ ರಸ್ತೆಗೆ ಅಡ್ಡ ಗೇಟು, ಹಂಪು, ಏನೇ ಹಾಕುವುದಿದ್ದರೂ ಪಾಲಿಕೆ ಅನುಮತಿ ಬೇಕು. ಅಸೋಸಿಯೇಷನ್ ಠರಾವು ಸಾಲದು. ಹೆಸರು ಬರೆಯದಿದ್ದರೆ ಬಿಡುವುದಿಲ್ಲ ಅನ್ನುವುದೂ ತಡೆದ ಹಾಗೇ. ಕಾವಲುಗಾರ ಇರಲಿ, ಕ್ಯಾಮೆರಾ ಇರಲಿ, ಯಾರೂ ಬೇಡ ಅನ್ನುವುದಿಲ್ಲ. ವೇಗಕ್ಕೆ ಮಿತಿ ಬೇಕು ಅಂತ ಪಾಲಿಕೆಗೂ ಸಂಚಾರ ಪೊಲೀಸರಿಗೂ ಬರೆಯಿರಿ. ಸೈಕಲ್‌ಗೆ ಮಾತ್ರ ಅಲ್ಲ, ನಿಮ್ಮ ಕಾರುಗಳಿಗೂ ಅದು ಅನ್ವಯ ಆಗಬೇಕು.

ಸೈಕಲ್ ನಿಷೇಧ ಕಾನೂನುಬದ್ಧವಾಗಿ ಆಗಬಾರದು ಅಂತ ಏನಿಲ್ಲ, ಆದರೆ ಅದಕ್ಕೊಂದು ದಾರಿ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಜೊತೆಗೆ ಮೋಟಾರಿಲ್ಲದ ವಾಹನಗಳನ್ನೂ ನಿಲ್ಲಿಸಿದರು. ಅದು ಇಷ್ಟವಾಗಲಿ ಬಿಡಲಿ, ಅಧಿಕಾರ ಇರುವ ಸಂಸ್ಥೆ ಕಾಯ್ದೆಯ ಕೆಳಗೆ ಅಧಿಸೂಚನೆ ಹೊರಡಿಸಿ ಮಾಡಿದ್ದು. ಗೇಟಿನ ಬೋರ್ಡಿಗೆ ಕೇಳಬೇಕಾದ ಪ್ರಶ್ನೆ ಇಷ್ಟೇ: ನಿನ್ನ ಹಿಂದೆ ಯಾವ ಅಧಿಸೂಚನೆ ಇದೆ?

ವಾರಾಂತ್ಯ ಸವಾರ

ನನ್ನದು ಬ್ಯಾಟರಿ ಸೈಕಲ್. ಅದಕ್ಕೂ ಇದೇ ನಿಯಮವಾ?

ಕೋರ್ಟ್ ಹಾದಿ

ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ತೂಕವೂ ಮಿತಿಯೊಳಗೆ ಇದ್ದರೆ ಅದನ್ನು ಮೋಟಾರು ವಾಹನ ಅಂತ ಎಣಿಸುವುದಿಲ್ಲ. ಅಂಗಡಿಯವರು 'ಸ್ಪೀಡ್ ಅನ್‌ಲಾಕ್' ಮಾಡಿ ಕೊಟ್ಟಿದ್ದರೆ ಕಥೆ ಬೇರೆ.

ಗೇರಿಲ್ಲದ ಗುರು

ಹಾಗಾದರೆ ಈಗ ಮಾಡಬೇಕಾದದ್ದನ್ನು ಸರಿಯಾಗಿ ಹೇಳಿಬಿಡಿ. ಆರ್‌ಟಿಐ ಹಾಕಿದರೆ ಸಾಕಾ?

ಸರ್ವೆ ನಂಬರ್

ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಸರ್ವೆ ನಂಬರಿನ ಇಸಿ (ಋಣಭಾರ ಪತ್ರ, ಆ ಜಮೀನಿನ ನೋಂದಣಿಗಳ ಪಟ್ಟಿ) ತೆಗೆಯಿರಿ. ರಿಲಿಂಕ್ವಿಶ್‌ಮೆಂಟ್ ನೋಂದಣಿ ಆಗಿದ್ದರೆ ಅಲ್ಲೇ ಸಿಗಬೇಕು. ಲೇಔಟ್ ಆದ ವರ್ಷ ಬಿಟ್ಟುಹೋಗದಂತೆ ಅವಧಿ ಹಾಕಿ. ಆಮೇಲೆ ಬಿಡಿಎಗೆ ಆರ್‌ಟಿಐ, ಒಪ್ಪಿಗೆ ನಕ್ಷೆ ಮತ್ತು ಡೀಡ್ ಪ್ರತಿ ಕೇಳಿ. 10 ರೂಪಾಯಿ ಶುಲ್ಕ, 30 ದಿನ ಕಾಯಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಬಂಡಿದಾರಿ ಪ್ರಶ್ನೆಯನ್ನು ಅದರಲ್ಲೇ ತುರುಕಬೇಡಿ, ತಹಶೀಲ್ದಾರ್ ಕಚೇರಿಗೆ ಬೇರೆ ಅರ್ಜಿ ಹಾಕಿ.

ಕೋರ್ಟ್ ಹಾದಿ

ದಾಖಲೆ ಸಿಕ್ಕ ಮೇಲೆ ಪಾಲಿಕೆ ಎಂಜಿನಿಯರ್‌ಗೆ ದೂರು. ಈಗ ಗ್ರೇಟರ್ ಬೆಂಗಳೂರಿನಲ್ಲಿ ಐದು ಪಾಲಿಕೆ, ಯಾವುದರ ವ್ಯಾಪ್ತಿ ಅಂತ ನೋಡಿಕೊಳ್ಳಿ. ಪಂಚಾಯ್ತಿ ವ್ಯಾಪ್ತಿ ಆದರೆ ಪಿಡಿಒ. ದೂರಿನಲ್ಲಿ ನಿಮ್ಮ ಹೆಸರು ಒಂದೇ ಬೇಡ. ಹಿಂದಿನ ಊರಿನವರ ಸಹಿ ಇದ್ದರೆ ತೂಕ ಬೇರೆ. ಸಂತೆ ದಾರಿ ಅಂದ ಹಿರಿಯರಿಂದ ಹೇಳಿಕೆ ಬರೆಸಿಕೊಳ್ಳಿ.

ಗೇರಿಲ್ಲದ ಗುರು

ಇಸಿ ಬಂತು. ರಸ್ತೆ ಮತ್ತು ಪಾರ್ಕ್ ಬಿಟ್ಟುಕೊಟ್ಟ ಡೀಡ್ ಅದರಲ್ಲಿ ಇದೆ. ಪ್ರತಿಗೆ ಅರ್ಜಿ ಹಾಕಿದ್ದೇನೆ. ದಿಶಾಂಕ್‌ನಲ್ಲಿ ಹಿಂದಿನ ಗೇಟಿನ ಹತ್ತಿರ ಎರಡು ಗೆರೆ ಕಾಣುತ್ತಿದೆ, ಆದರೆ ಅವು ಲೇಔಟಿನ ನಡುವೆ ಹೋಗದೆ ಪಕ್ಕದ ಕಾಂಪೌಂಡಿನ ಕಡೆ ತಿರುಗುತ್ತವೆ. ಅಲ್ಲಿ ಈಗ ಕ್ಲಬ್ ಹೌಸ್ ಇದೆ.

ಸರ್ವೆ ನಂಬರ್

ಕ್ಲಬ್ ಹೌಸಾ? ಆ ಸರ್ವೆ ನಂಬರಿನ ಪಹಣಿಯಲ್ಲಿ ಖರಾಬು ಎಷ್ಟು ಗುಂಟೆ ಅಂತ ತೋರಿಸಿದ್ದಾರೆ ನೋಡಿ, ಎ ನೋ ಬಿ ನೋ ಹೇಳಿ. ಅಸೋಸಿಯೇಷನ್‌ಗೆ ಪತ್ರ ಬರೆಯುವಾಗ ಇದನ್ನು ಈಗಲೇ ಎತ್ತಬೇಡಿ. ರಸ್ತೆಗೆ ನಿಮ್ಮ ಡೀಡ್ ಒಂದೇ ಸಾಕು.

ಲೇಔಟ್ ನಿವಾಸಿ

ಇದನ್ನೆಲ್ಲ ಓದಿ ನಮ್ಮ ಲೇಔಟಿನ ಇಸಿಯನ್ನೂ ತೆಗೆಸಲು ಹೇಳಿದ್ದೇನೆ. ಗುರು ಅವರೇ, ಆ ಅಸೋಸಿಯೇಷನ್‌ಗೆ ನೋಟಿಸ್ ಕಳಿಸುವ ಮುಂಚೆ ಅವರ ಕಾರ್ಯದರ್ಶಿ ಜೊತೆ ಒಮ್ಮೆ ಕೂತು ಮಾತಾಡಿ. ಬೆಳಗಿನ ಗುಂಪು ಸವಾರಿಯನ್ನು ಮುಖ್ಯ ರಸ್ತೆಗೆ ಕಳಿಸಿ, ದಿನಾ ಓಡಾಡುವವರನ್ನು ಬಿಡಿ ಅಂದರೆ ಅರ್ಧ ಜನ ಒಪ್ಪುತ್ತಾರೆ.

ಬೆಳ್ಳಂದೂರು ಬೆಲ್

ಮಾತಾಡಲಿ, ಆದರೆ ಹಕ್ಕನ್ನು ರಿಯಾಯಿತಿ ಅಂತ ಬರೆದುಕೊಡಬೇಡಿ ಗುರು. 'ಅಸೋಸಿಯೇಷನ್ ಅನುಮತಿ ಮೇರೆಗೆ' ಅಂತ ಒಂದು ಸಾಲು ಇದ್ದರೂ ಸಹಿ ಹಾಕಬೇಡಿ. ಪಾಸು, ಸ್ಟಿಕ್ಕರ್ ಕೊಟ್ಟರೂ ಬೇಡ ಅನ್ನಿ. ಕೆಲಸದವರಿಗೆ, ಶಾಲೆ ಮಕ್ಕಳಿಗೆ ಆ ಪಾಸು ಯಾರು ಕೊಡುತ್ತಾರೆ?

ಕೋರ್ಟ್ ಹಾದಿ

ಮೇಡಂ ಹೇಳಿದ್ದು ಕಾನೂನಿನ ಪ್ರಕಾರವೂ ಸರಿ. ಡೀಡ್ ಪ್ರತಿ ಬಂದ ಮೇಲೆ ಇಲ್ಲೇ ತಿಳಿಸಿ, ಪತ್ರದ ಕರಡು ನಾನು ಬರೆದುಕೊಡುತ್ತೇನೆ.